ಸಹಾಯ ಬೇಕು: ಅಮ್ಮನ ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಮಗಳೂರು. ಮನೆ ಮುಂದೆ 10 ಅಡಿ ಉದ್ದ, 6 ಅಡಿ ಅಗಲದ ಕೈತೋಟ ಇದೆ, ಅಷ್ಟೇ. ಅಪ್ಪ ಹೋದ ಮೇಲೆ ಅಮ್ಮ ಮಾತೇ ಕಡಿಮೆ ಮಾಡಿದ್ದರು. ಈ ಚೈತ್ರದಲ್ಲಿ ಮಲ್ಲಿಗೆ ಮೊಗ್ಗು ಬಿಟ್ಟಿತು, ಕರಿಬೇವು ಚಿಗುರಿತು. ದಾಸವಾಳಕ್ಕೆ ದಿನಾ ಸೂರಕ್ಕಿ ಬರೋಕೆ ಶುರುವಾಯಿತು. ಈಗ ಅಮ್ಮ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಲ್ಲೇ ಕೂರುತ್ತಾರೆ. "ಬೇಗ ಬಾ, ಇವತ್ತು ಜೋಡಿ ಬಂದಿವೆ ನೋಡು" ಅಂತ ನನ್ನನ್ನು ಕರೆಯುತ್ತಾರೆ. ಆ ದನಿ ಕೇಳಿ ಎಷ್ಟು ದಿನ ಆಗಿತ್ತು!

ಅದೇ ದಾಸವಾಳಕ್ಕೆ ಈಗ ಹಿಟ್ಟು ತಿಗಣೆ. ಕುಡಿಯಲ್ಲೆಲ್ಲ ಹತ್ತಿಯಂಥ ಬಿಳಿ. ಎಲೆ ಮುರುಟಿದೆ, ಮೊಗ್ಗು ಉದುರುತ್ತಿವೆ. ಕಾಂಡದ ಮೇಲೆ ಇರುವೆ ಸಾಲೂ ಜಾಸ್ತಿ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳೇ ಅವನ್ನು ಕಾಯುತ್ತವೆ, ಅಲ್ವಾ? ಹಾಳಾದ ಕುಡಿ ಕತ್ತರಿಸಿ ಕವರಲ್ಲಿ ಕಟ್ಟಿ ಎಸೆದೆ. ಪೈಪಿನಲ್ಲಿ ಜೋರಾಗಿ ನೀರು ಹೊಡೆದೆ. 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಕಲಸಿ ಸಂಜೆ ಹೊತ್ತು 2 ಸಲ ಸಿಂಪಡಿಸಿದೆ. ವಾರದಲ್ಲಿ ಮತ್ತೆ ಬಂತು.

ವಿಷದ ಔಷಧಿ ಬೇಡ. ಸೂರಕ್ಕಿ ಕೊಕ್ಕಿಡುವ ಹೂವದು, ಜೇನೂ ಬರುತ್ತವೆ. ಎಣ್ಣೆ ಎಷ್ಟು ದಿನಕ್ಕೊಮ್ಮೆ ಹೊಡೆಯಬೇಕು? ಇರುವೆ ಗಿಡ ಹತ್ತದಂತೆ ನೀವೇನು ಮಾಡುತ್ತೀರಿ? ಗಿಡ ಅರ್ಧಕ್ಕೆ ಕತ್ತರಿಸಿದರೆ ಈ ಬಿಸಿಲಲ್ಲಿ ಚಿಗುರುತ್ತಾ? ಪಕ್ಕದಲ್ಲೇ ಮಲ್ಲಿಗೆ ಇದೆ, ಅದಕ್ಕೂ ಹರಡುತ್ತೇನೋ ಅಂತ ಭಯ. ಮಾಡಿ ನೋಡಿದವರು ದಯವಿಟ್ಟು ಹೇಳಿ.