‘ಇದ್ದರೆ’, ‘ಇದ್ದರೆ ಮಾತ್ರ’: ಪ್ರೋಗ್ರಾಮ್ ವಿವರಣೆಯಲ್ಲಿ ಯಾವುದು?

ಎಲ್ಲರಿಗೂ ನಮಸ್ಕಾರ. ‘-ರೆ’ ಪ್ರತ್ಯಯದ ಬಗ್ಗೆ ಒಂದು ಪ್ರಶ್ನೆ. ಪ್ರೋಗ್ರಾಮ್ ಏನು ಮಾಡಬೇಕು ಅಂತ ಕೋಡಿಗೆ ಮೊದಲೇ ಬರೆದಿಡುವ ಸ್ಪೆಸಿಫಿಕೇಶನ್ ಇರುತ್ತದಲ್ವಾ, ಅದನ್ನು ಕನ್ನಡದಲ್ಲಿ ಬರೆಯುವಾಗ ಜಾಸ್ತಿ ಕಾಡುವುದು ಇದೇ.

‘ಪಾಸ್‌ವರ್ಡ್ ಸರಿಯಿದ್ದರೆ ಒಳಗೆ ಬಿಡಬೇಕು’ ಅಂತ ಬರೆದೆವು ಅನ್ನಿ. ತಪ್ಪಿದ್ದರೆ ಬಿಡಬಾರದು ಅನ್ನುವುದನ್ನು ಓದುವವರು ತಾವೇ ಸೇರಿಸಿಕೊಳ್ಳುತ್ತಾರೆ. ಆದರೆ ವಾಕ್ಯದಲ್ಲಿ ಅದಿಲ್ಲ. ಬಂದವರನ್ನೆಲ್ಲ ಒಳಗೆ ಬಿಡುವ ಪ್ರೋಗ್ರಾಮೂ ಈ ವಾಕ್ಯಕ್ಕೆ ತಕ್ಕಂತೆಯೇ ಇದೆ! ಸರಿ, ‘ಸರಿಯಿದ್ದರೆ ಮಾತ್ರ’ ಅಂತ ತಿದ್ದೋಣ. ಈಗ ಅಕ್ಷರಕ್ಕೆ ಅಂಟಿಕೊಂಡು ಓದಿದರೆ ಯಾರನ್ನೂ ಬಿಡದ ಪ್ರೋಗ್ರಾಮೂ ಪಾಸು.

ಪ್ರೋಗ್ರಾಮ್ ಸರಿಯಿದೆ ಅಂತ ತರ್ಕದಿಂದ ಸಾಧಿಸಲು ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1969ರಲ್ಲಿ ಕೊಟ್ಟ ಕ್ರಮವೂ ಇಂಥದ್ದೇ ‘-ರೆ’ ಮೇಲೆ ನಿಂತಿದೆ: ಶುರುವಿನ ಷರತ್ತು ನಿಜವಾಗಿದ್ದು, ಪ್ರೋಗ್ರಾಮ್ ಓಡಿ ಮುಗಿದರೆ, ಕೊನೆಯ ಷರತ್ತು ನಿಜವಾಗಿರುತ್ತದೆ. ಶುರುವಿನದೇ ಸುಳ್ಳಾಗಿದ್ದರೆ ಯಾವ ಭರವಸೆಯೂ ಇಲ್ಲ. ಪ್ರೋಗ್ರಾಮ್ ಮುಗಿಯದೆ ಸುತ್ತುತ್ತಲೇ ಇದ್ದರೂ ಕೊಟ್ಟ ಮಾತು ತಪ್ಪಿದಂತಲ್ಲ, ಯಾಕೆಂದರೆ ಮುಗಿಯುತ್ತದೆ ಅಂತ ಯಾರೂ ಹೇಳಿರಲಿಲ್ಲ.

ದಿನದ ಮಾತಿನಲ್ಲಿ ನಡೆಯುವುದು ಬೇರೆ. ‘ತಪ್ಪು ಮಾಡಿದ್ದರೆ ಹೆದರುತ್ತಾನೆ. ನೋಡಿ, ಹೆದರಿದ್ದಾನೆ.’ ಇಷ್ಟು ಹೇಳಿ ಸುಮ್ನೆ ಕೂತರೆ ಸಾಕು, ‘ಅಂದಮೇಲೆ ತಪ್ಪು ಮಾಡಿದ್ದಾನೆ’ ಅನ್ನುವುದನ್ನು ಕೇಳಿದವರೇ ಮುಗಿಸುತ್ತಾರೆ, ತಪ್ಪು ಮಾಡದವರೂ ಹೆದರಬಹುದು ಅನ್ನುವುದು ಆ ಹೊತ್ತಿಗೆ ಯಾರಿಗೂ ಹೊಳೆಯುವುದಿಲ್ಲ. ಇಲ್ಲದ ‘ಮಾತ್ರ’ವನ್ನು ಕೇಳುವವರ ಕೈಯಲ್ಲೇ ಸೇರಿಸುವುದು ವಾದ ಗೆಲ್ಲುವವರ ಜಾಣತನ. ಹೇಳಿದವರನ್ನು ಹಿಡಿದು ಕೇಳಿದರೆ ‘ನಾನೆಲ್ಲಿ ಹಾಗಂದೆ?’ ಅನ್ನಬಹುದು, ಅದು ನಿಜವೂ ಹೌದು.

‘ಇಲ್ಲ’ದ್ದೂ ಇದೇ ಗೋಳು. ‘ಎಲ್ಲ ಫೈಲುಗಳೂ ಸೇವ್ ಆಗಿಲ್ಲ’ ಅಂದರೆ ಒಂದೂ ಆಗಿಲ್ಲವೋ, ಕೆಲವು ಮಾತ್ರ ಆಗಿಲ್ಲವೋ? ಮಾತಿನಲ್ಲಾದರೆ ದನಿಯಿಂದ ಗೊತ್ತಾಗುತ್ತದೆ. ಬರಹಕ್ಕೆ ‘ಯಾವ ಫೈಲೂ ಸೇವ್ ಆಗಿಲ್ಲ’ ಅಥವಾ ‘ಕೆಲವು ಫೈಲುಗಳು ಸೇವ್ ಆಗಿಲ್ಲ’ ಅನ್ನುವ ದಾರಿ ಇರುವುದರಿಂದ ಇದನ್ನು ಬಿಡೋಣ.

‘-ರೆ’ಗೆ ಅಷ್ಟು ಸುಲಭದ ದಾರಿ ಕಾಣುತ್ತಿಲ್ಲ. ‘ಇದ್ದರೆ, ಮತ್ತು ಇದ್ದರೆ ಮಾತ್ರ’ ಅನ್ನುವುದು ಲೆಕ್ಕದ ಪಾಠಕ್ಕೆ ಸರಿ, ಇಪ್ಪತ್ತು ಸಾಲು ಅದೇ ಬಂದರೆ ಓದುವವರು ಓಡಿಹೋಗುತ್ತಾರೆ. ಸದ್ಯಕ್ಕೆ ನಾನು ‘ಸರಿಯಿದ್ದಾಗಲೆಲ್ಲ ಬಿಡಬೇಕು, ಉಳಿದಂತೆ ಬಿಡಬಾರದು’ ಅಂತ ಎರಡು ತುಂಡು ಮಾಡುತ್ತಿದ್ದೇನೆ. ‘-ಆಗಲೆಲ್ಲ’ ಅಂದಾಗ ನಿಮಗೂ ‘ಮಾತ್ರ’ದ ವಾಸನೆ ಬರುವುದಿಲ್ಲ ಅಲ್ವಾ? ಎರಡನ್ನೂ ಒಂದೇ ಏಟಿಗೆ ಹೇಳುವ ರೂಪ ನಿಮ್ಮ ಕಡೆಯ ಮಾತಿನಲ್ಲಿ ಇದ್ದರೆ ತಿಳಿಸಿ. ಇಲ್ಲದಿದ್ದರೂ ತಿಳಿಸಿ.