‘ಹನುಮಂತನಗರ ಬಳಗ’ ಗುಂಪಿನಲ್ಲಿ ಒಳಮನಸ್ಸಿನ ಜಗಳ

ನಾಗರಾಜ (ಫಾರ್ವರ್ಡ್): ರೋಗ ಇರುವುದು ದೇಹದಲ್ಲಲ್ಲ, ಒಳಮನಸ್ಸಿನಲ್ಲಿ! ಭಯವೇ ರೋಗದ ಬೇರು. ‘ನಾನು ವಾಸಿಯಾದೆ’ ಎಂದು 21 ದಿನ ನಂಬಿ, ಎಂಥ ಕಾಯಿಲೆಯೂ ಓಡುತ್ತದೆ. ವಾಸಿಯಾಗದವರಿಗೆ ಒಳಗೊಳಗೆ ವಾಸಿಯಾಗುವ ಆಸೆಯೇ ಇಲ್ಲ ಎಂದು ಅರ್ಥ. ಹತ್ತು ಜನರಿಗೆ ಕಳಿಸಿ 🙏

ನಾಗರಾಜ: ವಿಮಲಾ, ಶಾರದಾ, ಇಬ್ಬರೂ ತಪ್ಪದೆ ಓದಿ.

ವಿಮಲಾ: ಓದಿದೆ ಅಣ್ಣ. ತುಂಬಾ ಚೆನ್ನಾಗಿದೆ 🙏

ಕಾರ್ತಿಕ್: ಅಪ್ಪ, ಇದು ಹೋದ ಯುಗಾದಿಗೂ ಬಂದಿತ್ತು. ಆಗ 48 ದಿನ ಇತ್ತು. ಈಗ ರಿಯಾಯಿತಿ ಕೊಟ್ಟಿದ್ದಾರೆ.

ಶಾರದಾ: ಅಣ್ಣ, ಕೊನೆಯ ಸಾಲು ಓದಿ ಕಳಿಸಿದೆಯಾ, ಓದದೆ ಕಳಿಸಿದೆಯಾ? ನನ್ನ ಕೀಮೋ ಇನ್ನೂ ಮುಗಿದಿಲ್ಲ. ನನಗೆ ವಾಸಿಯಾಗುವ ಆಸೆ ಇಲ್ಲ ಅಂತಾನಾ?

ನಾಗರಾಜ: ನಿನಗೆ ಹೇಳಿದ್ದಲ್ಲಮ್ಮ. ಧೈರ್ಯ ಬರಲಿ ಅಂತ ಕಳಿಸಿದೆ. ಹೆದರಿದರೆ ಕಾಯಿಲೆ ಜಾಸ್ತಿಯಾಗುತ್ತದೆ ಅಂತ ನಮ್ಮ ಅಮ್ಮನೂ ಹೇಳುತ್ತಿದ್ದರಲ್ಲ.

ಸುಮಾ: ಮಾವ, ಅಜ್ಜಿ ಹೇಳಿದ್ದರಲ್ಲಿ ನಿಜ ಇದೆ. ಫಾರ್ವರ್ಡ್ ಅದನ್ನು ಎಳೆದು ಎಲ್ಲಿಗೋ ಒಯ್ದಿದೆ. ಮಂಡಿ ಆಪರೇಷನ್ ಆದವರನ್ನು ನಡೆಸುವುದೇ ನನ್ನ ಕೆಲಸ. ಭಯ ಏನು ಮಾಡುತ್ತದೆ ಅಂತ ದಿನಾ ನೋಡುತ್ತೇನೆ. ದೊಡ್ಡಮ್ಮ, ಬೇಜಾರು ಮಾಡಿಕೊಳ್ಳಬೇಡಿ, ನೀವು ಯಾಕೆ ನಡೆಯುತ್ತಿಲ್ಲ?

ವಿಮಲಾ: ಹೊಸ ಮಂಡಿ ಕಣೇ. ಜಾಸ್ತಿ ಮಡಿಸಿದರೆ ಒಳಗೆ ಕಿತ್ತುಕೊಂಡು ಬಂದರೆ? ಪೂರ್ತಿ ಗಟ್ಟಿಯಾಗಲಿ, ಆಮೇಲೆ ನಡೆಯುತ್ತೇನೆ.

ಸುಮಾ: ಅದನ್ನು ಮೂಳೆಗೆ ಭದ್ರವಾಗಿ ಕೂರಿಸಿರುತ್ತಾರೆ ದೊಡ್ಡಮ್ಮ. ಅದಕ್ಕೇ ಆಪರೇಷನ್ ದಿನವೋ ಮಾರನೇ ದಿನವೋ ಎಬ್ಬಿಸಿ ನಿಲ್ಲಿಸುವುದು. ಹೆದರಿ ಕೂತರೆ ಮಂಡಿ ಬಿಗಿಯುತ್ತದೆ. ಬಿಗಿದ ಮಂಡಿ ಮಡಿಸಿದರೆ ನೋವು ಜಾಸ್ತಿ. ನೋವು ಬಂತು ಅಂತ ಇನ್ನೂ ಹೆದರಿಕೆ. ಅಷ್ಟರಲ್ಲಿ ತೊಡೆಯ ಶಕ್ತಿ ಇಳಿದಿರುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಚಲನೆಯ ಭಯವನ್ನು ಅಳೆಯುವುದಕ್ಕೇ 17 ಪ್ರಶ್ನೆಗಳ ಒಂದು ಪಟ್ಟಿ ಇದೆ, ಅಷ್ಟು ಸಾಮಾನ್ಯ ಇದು. ಆದರೆ ನೋಡಿ, ಇಲ್ಲಿ ಭಯ ಕೆಟ್ಟದ್ದು ಮಾಡಿದ್ದು ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿ. ಯಾವ ಮಾಯವೂ ಇಲ್ಲ. ಮೀನಖಂಡ ಊದಿದರೆ, ಜ್ವರ ಬಂದರೆ, ಗಾಯ ಸೋರಿದರೆ ಮಾತ್ರ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ಕಾರ್ತಿಕ್: ಒಳಮನಸ್ಸಿನ ಪ್ರೊಫೆಸರ್ ಸಾಹೇಬರು ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟಿದ್ದಾರೆ. ಇನ್ನೊಂದು ಫಾರ್ವರ್ಡ್ ಓದಿ. ಅದನ್ನೂ ಗುಂಪಿಗೆ ಹೇಳಬೇಕಲ್ವಾ ಅಪ್ಪ?

ನಾಗರಾಜ: ಅದು ಬೇರೆ ವಿಷಯ. ನನಗೆ ನಿಜವಾಗಲೂ ಕಾಲು ನೋವು ಬಂತು.

ಸುಮಾ: ಬಂದಿರುತ್ತದೆ ಮಾವ. ಸುಳ್ಳು ಅನ್ನುತ್ತಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ನಿಮ್ಮಂಥವರನ್ನೇ 60 ಜನ ಸೇರಿಸಿದರು, ಸ್ಟ್ಯಾಟಿನ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆ ಆಗುವುದಿಲ್ಲ ಅಂತ ಬಿಟ್ಟವರು. ಒಂದು ವರ್ಷ ತಿಂಗಳಿಗೊಂದು ಡಬ್ಬಿ. ನಾಲ್ಕರಲ್ಲಿ ನಿಜವಾದ ಮಾತ್ರೆ, ನಾಲ್ಕರಲ್ಲಿ ಅದೇ ಥರ ಕಾಣುವ ಔಷಧಿ ಇಲ್ಲದ ಮಾತ್ರೆ, ನಾಲ್ಕು ಖಾಲಿ. ಯಾವ ಮಾತ್ರೆ ಯಾವುದು ಅಂತ ಯಾರಿಗೂ ಹೇಳಲಿಲ್ಲ. ಎಷ್ಟು ತೊಂದರೆ ಅಂತ ದಿನಾ 100ಕ್ಕೆ ಅಂಕ ಕೊಡಬೇಕು. ಖಾಲಿ ತಿಂಗಳಲ್ಲಿ ಸರಾಸರಿ 8. ನಿಜವಾದ ಮಾತ್ರೆಗೆ 16.3. ಔಷಧಿ ಇಲ್ಲದ ಮಾತ್ರೆಗೆ ಎಷ್ಟಿರಬಹುದು ಹೇಳಿ?

ನಾಗರಾಜ: ಹತ್ತು?

ಸುಮಾ: 15.4. ಅಂದರೆ ಮಾತ್ರೆಯಿಂದ ಬಂತು ಅಂದುಕೊಂಡ ತೊಂದರೆಯ ಶೇಕಡ 90 ಭಾಗ ಔಷಧಿ ಇಲ್ಲದ ಮಾತ್ರೆಯಲ್ಲೂ ಬಂತು. 2020ರಲ್ಲಿ ಪ್ರಕಟವಾಯಿತು. ಇದಕ್ಕೆ ನೊಸೀಬೊ ಅನ್ನುತ್ತಾರೆ. ಕೆಟ್ಟದ್ದು ಆಗುತ್ತದೆ ಅಂತ ಕಾಯುತ್ತಿದ್ದರೆ ಮೈ ಅದನ್ನು ತೋರಿಸುತ್ತದೆ. ಅಂಕ ತೋರಿಸಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರು ಮಾಡಿದರು. ಅಪರೂಪಕ್ಕೆ ಸ್ನಾಯುವಿಗೆ ನಿಜವಾದ ಹಾನಿಯೂ ಆಗುತ್ತದೆ. ಅದಕ್ಕೆ ರಕ್ತ ಪರೀಕ್ಷೆ ಇದೆ. ಡಾಕ್ಟರನ್ನು ಕೇಳಿ, ಸುಮ್ನೆ ಬಿಡಬೇಡಿ.

ನಾಗರಾಜ: ನೋಡಿದೆಯಾ! ಮನಸ್ಸೇ ಎಲ್ಲ ಅಂತ ನೀನೇ ಒಪ್ಪಿದೆ. ನಾನೂ ಈಗ ಗೂಗಲ್ ಮಾಡಿದೆ. 1995, ಲಾನ್ಸೆಟ್ ಪತ್ರಿಕೆ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು. ತೋಳಿನಲ್ಲಿ ಪುಟ್ಟ ಗಾಯ ಮಾಡಿ ನೋಡಿದ್ದಾರೆ. ಉಳಿದವರಿಗಿಂತ ಇವರಿಗೆ ಮಾಯಲು ಸುಮಾರು 9 ದಿನ ಜಾಸ್ತಿ ಹಿಡಿದಿದೆ. ಏನು ಹೇಳುತ್ತೀಯ?

ಕಾರ್ತಿಕ್: ಅಪ್ಪ ಮೊದಲ ಸಲ ಮೂಲ ಹುಡುಕಿದ್ದಾರೆ. ಎಲ್ಲರೂ ಎದ್ದು ನಿಲ್ಲಿ.

ಸುಮಾ: ಒಳ್ಳೆಯ ಉದಾಹರಣೆ ಮಾವ, ನಿಜವಾಗಲೂ. ಒತ್ತಡ ಗಾಯ ಮಾಯುವುದನ್ನು ನಿಧಾನ ಮಾಡುತ್ತದೆ. ಆದರೆ ಆ ಹೆಂಗಸರ ನಂಬಿಕೆ ಕೆಟ್ಟಿರಲಿಲ್ಲ. ಹಗಲೂ ರಾತ್ರಿ ರೋಗಿಯ ಸೇವೆ ಮಾಡಿ ಸವೆದಿದ್ದರು. ಅವರಿಗೆ ‘ವಾಸಿಯಾದೆ ಅಂತ ನಂಬು’ ಅನ್ನುವ ಬದಲು ಯಾರಾದರೂ ಎರಡು ದಿನ ಬಂದು ಕೂತಿದ್ದರೆ? ಮತ್ತೆ ಗಾಯ ತಡವಾಗಿ ಮಾಯುವುದು ಒಂದು, ಗಡ್ಡೆ ಬೆಳೆಯುವುದು ಇನ್ನೊಂದು. ಫಾರ್ವರ್ಡ್ ಎರಡನ್ನೂ ಒಂದೇ ಮಾಡಿದೆ. ಸ್ತನ ಕ್ಯಾನ್ಸರ್ ಹರಡಿದ ಹೆಂಗಸರು ವಾರವಾರ ಕೂತು ಮಾತಾಡಿದರೆ ಹೆಚ್ಚು ಕಾಲ ಬದುಕುತ್ತಾರೆ ಅಂತ 1989ರಲ್ಲಿ ಡೇವಿಡ್ ಸ್ಪೀಗೆಲ್ ಎಂಬ ಅಮೆರಿಕದ ಮನೋವೈದ್ಯರು ಬರೆದರು. ದೊಡ್ಡ ಸುದ್ದಿಯಾಯಿತು. ಅವರೇ ಮತ್ತೊಮ್ಮೆ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದಾಗ ಒಟ್ಟಾರೆ ಆಯುಷ್ಯ ಹೆಚ್ಚಾದದ್ದು ಕಾಣಲಿಲ್ಲ. ಅದೇ ವರ್ಷ ತಲೆ ಮತ್ತು ಕತ್ತಿನ ಕ್ಯಾನ್ಸರಿನ 1,093 ರೋಗಿಗಳ ಲೆಕ್ಕವೂ ಬಂತು. ಮನಸ್ಸು ಗಟ್ಟಿಯಿದ್ದವರು ಜಾಸ್ತಿ ಬದುಕಲಿಲ್ಲ, ಕುಗ್ಗಿದವರು ಬೇಗ ಹೋಗಲೂ ಇಲ್ಲ.

ಶಾರದಾ: ಸುಮಾ, ಇದನ್ನು ನನಗೆ ಮೊದಲೇ ಹೇಳಬಾರದಿತ್ತಾ? ನೋಡಲು ಬಂದವರೆಲ್ಲ ಹೆದರಬೇಡ, ಹೆದರಿದರೆ ಹರಡುತ್ತದೆ ಅನ್ನುತ್ತಾರೆ. ರಾತ್ರಿ ಹೆದರಿಕೆ ಆಗುತ್ತದೆ. ಅಯ್ಯೋ ಹೆದರಿಬಿಟ್ಟೆನಲ್ಲ, ಈಗ ಹರಡುತ್ತದೆ ಅಂತ ಇನ್ನೊಂದು ಹೆದರಿಕೆ. ಅಳುವುದಕ್ಕೂ ಲೆಕ್ಕ ಇಟ್ಟುಕೊಳ್ಳುವ ಹಾಗಾಗಿದೆ.

ವಿಮಲಾ: ನಾನೂ ಹಾಗೇ ಅಂದಿದ್ದೆನಲ್ಲೇ ಶಾರದಾ.

ಶಾರದಾ: ಹೌದು ಅಕ್ಕ, ನೀನೂ ಅಂದಿದ್ದೆ. ಇನ್ನೊಂದು ಇದೆ. ಆಸ್ಪತ್ರೆಗೆ ಹೋಗುವಾಗ ಡೈರಿ ಸರ್ಕಲ್ ಹತ್ತಿರ ಬರುತ್ತಿದ್ದ ಹಾಗೆ ವಾಂತಿ ಬರುತ್ತದೆ. ಇನ್ನೂ ಡ್ರಿಪ್ ಹಾಕಿರುವುದಿಲ್ಲ. ಇದು ನನ್ನ ಒಳಮನಸ್ಸು ಔಷಧಿ ಬೇಡ ಅನ್ನುತ್ತಿರುವುದಾ?

ಸುಮಾ: ಅಲ್ಲಮ್ಮ. ಆ ದಾರಿ, ಆ ಫಿನಾಯಿಲ್ ವಾಸನೆ, ಆಮೇಲೆ ವಾಂತಿ ಅಂತ ಮೈ ಕಲಿತುಬಿಟ್ಟಿದೆ. ಕೀಮೋ ತೆಗೆದುಕೊಳ್ಳುವ ಎಷ್ಟೋ ಜನರಿಗೆ ಆಗುತ್ತದೆ. ನಿನ್ನ ತಪ್ಪಲ್ಲ. ಹಿಂದಿನ ರಾತ್ರಿ ತೆಗೆದುಕೊಳ್ಳುವ ಮಾತ್ರೆ ಇದೆ, ಮೈ ಸಡಿಲ ಮಾಡುವುದನ್ನೂ ಕಲಿಸುತ್ತಾರೆ. ಡಾಕ್ಟರಿಗೆ ನೀನು ಹೇಳಿಯೇ ಇಲ್ಲ ಅಲ್ವಾ?

ಶಾರದಾ: ಇಲ್ಲ. ಧೈರ್ಯ ಇಲ್ಲ ಅಂದುಕೊಂಡಾರು ಅಂತ.

ಸುಮಾ: ಇದೇ ನನ್ನ ಕೋಪ ಮಾವ. ಭಯಕ್ಕೂ ಚಿಕಿತ್ಸೆ ಇದೆ. ಭಯ ನಿನ್ನ ತಪ್ಪು ಅಂದುಬಿಟ್ಟರೆ ಜನ ಅದನ್ನು ಮುಚ್ಚಿಡುತ್ತಾರೆ, ಡಾಕ್ಟರಿಗೂ ಹೇಳುವುದಿಲ್ಲ. ಅಮ್ಮ, ರಾತ್ರಿ ತಡೆಯದಿದ್ದರೆ ನನ್ನನ್ನು ಎಬ್ಬಿಸು. ನನ್ನ ಹತ್ತಿರ ಹೇಳಲಾಗದ್ದಿದ್ದರೆ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಯಾವ ಹೊತ್ತಿನಲ್ಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಾಗರಾಜ: ಸರಿ. ಆದರೆ ಫಾರ್ವರ್ಡ್ ಅಳಿಸುವುದಿಲ್ಲ. ಅರ್ಧ ಸರಿ ಇದೆ ಅಂತ ನೀನೇ ಹೇಳಿದೆ.

ಸುಮಾ: ಕಾಲು ಭಾಗ ಮಾವ.

ಕಾರ್ತಿಕ್: ಅಡ್ಮಿನ್ ನಾನು. ನಾನೇ ಅಳಿಸಿದೆ.

ಶಾರದಾ: ಅಣ್ಣ, ಮಂಗಳವಾರ ಆಸ್ಪತ್ರೆಗೆ ನೀನು ಗಾಡಿ ತರುತ್ತೀಯಾ? ಸುಮಾಗೆ ಡ್ಯೂಟಿ ಇದೆ. ದಾರಿಯಲ್ಲಿ ಧೈರ್ಯದ ಭಾಷಣ ಮಾತ್ರ ಬೇಡ.

ನಾಗರಾಜ: ಮಾಡುವುದಿಲ್ಲ. ಏಳು ಗಂಟೆ ಆದರೆ ಅಶೋಕ ಪಿಲ್ಲರ್ ಹತ್ತಿರವೇ ಟ್ರಾಫಿಕ್‌ನಲ್ಲಿ ನಿಂತುಬಿಡುತ್ತೇವೆ. ಆರೂವರೆಗೆ ಗೇಟ್ ಹತ್ತಿರ ಇರು. ಪ್ಲಾಸ್ಟಿಕ್ ಕವರ್ ನಾನೇ ತರುತ್ತೇನೆ.