ಬಂಗುಡೆ ಬಿಡಬೇಕಾ, ಥರ್ಮಾಕೋಲ್ ಬಿಡಬೇಕಾ?

ಗುಂಪು: ದೊಡ್ಡಮನೆ ಬಳಗ

ರಘು ಮಾವ: [ವಿಡಿಯೋ. ಹಲವು ಬಾರಿ ಫಾರ್ವರ್ಡ್ ಆಗಿದೆ] ಸಮುದ್ರದ ಪ್ಲಾಸ್ಟಿಕ್ ಮೇಲೆ ಯಾವ ಔಷಧಿಗೂ ಸಾಯದ ರೋಗಾಣು ಬೆಳೆಯುತ್ತಿದೆಯಂತೆ. ಎಲ್ಲರೂ ಪೂರ್ತಿ ನೋಡಿ. ಮಕ್ಕಳಿಗೆ ಇನ್ನು ಮೀನು ಕೊಡಬೇಡಿ.

ಸುರೇಶ: ಮಾವ, ಬೆಳಿಗ್ಗೆ ಬೆಳಿಗ್ಗೆ ಇದೇನು? ಎರಡು ತಿಂಗಳ ಮಳೆಗಾಲದ ರಜೆ ಮುಗಿದು ಬೋಟುಗಳು ಈಗಷ್ಟೇ ಕಡಲಿಗಿಳಿದಿವೆ. ಇಂಥದ್ದು ಹರಡಿದರೆ ಮಲ್ಪೆಯಲ್ಲಿ ಮೀನು ಕೇಳುವವರು ಯಾರು? ಬೋಟಿನಲ್ಲಿ ದುಡಿಯುವವರು ಏನು ಮಾಡಬೇಕು?

ರಘು ಮಾವ: ವ್ಯಾಪಾರ ಆಮೇಲೆ ಸುರೇಶ, ಆರೋಗ್ಯ ಮೊದಲು. ಸುಮ್ನೆ ಹೇಳಿದ್ದಲ್ಲ, ವಿಜ್ಞಾನಿಗಳೇ ಹೇಳಿದ್ದಾರೆ.

ಪ್ರತಿಮಾ: ಮಾವ, ವಿಷಯ ಸುಳ್ಳಲ್ಲ. ನಮ್ಮ ಲ್ಯಾಬಿಗೆ ಬರುವ ಮೂತ್ರದ ಸ್ಯಾಂಪಲ್‌ಗಳಲ್ಲೇ ಮೂರು ನಾಲ್ಕು ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ನೋಡುತ್ತೇನೆ. ಆದರೆ ವಿಡಿಯೋ ಹೇಳುವ ಪರಿಹಾರ ತಪ್ಪು.

ಸುರೇಶಣ್ಣ, ಬಲೆಗೆ ಬಿದ್ದ ಹಳೇ ಬಾಟಲಿ ಹಿಡಿದರೆ ಕೈಯಿಂದ ಜಾರುತ್ತದೆ ಅಲ್ವಾ? ಆ ಲೋಳೆ ಬರೀ ಪಾಚಿಯಲ್ಲ, ಬ್ಯಾಕ್ಟೀರಿಯಾ ಕಟ್ಟಿಕೊಂಡ ಮನೆ. 2013ರಲ್ಲಿ ಅಮೆರಿಕದ ವಿಜ್ಞಾನಿಗಳು ಇದಕ್ಕೆ ಪ್ಲಾಸ್ಟಿಸ್ಫಿಯರ್ ಎಂದು ಹೆಸರಿಟ್ಟರು. ನೀರಿನಲ್ಲಿ ಚದುರಿರುವ ಬ್ಯಾಕ್ಟೀರಿಯಾ ಇಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಒಂದರಲ್ಲಿ ಔಷಧಿಯನ್ನು ತಡೆಯುವ ಜೀನ್ ಇದ್ದರೆ ಪಕ್ಕದ್ದಕ್ಕೂ ದಾಟಿಸಬಲ್ಲದು, ಅದು ಬೇರೆ ಜಾತಿಯದ್ದಾದರೂ. ಮರದ ತುಂಡಿನ ಮೇಲೂ ಲೋಳೆ ಕಟ್ಟುತ್ತದೆ. ಆದರೆ ಮರ ಕೊಳೆಯುತ್ತದೆ. ಪ್ಲಾಸ್ಟಿಕ್ ಇವನ್ನೆಲ್ಲ ಹೊತ್ತುಕೊಂಡು ವರ್ಷಗಟ್ಟಲೆ ತೇಲುತ್ತದೆ.

ವಿನಯ್ (ದೋಹಾ): ಅಕ್ಕ, ಸಮುದ್ರದಲ್ಲಿ ಮಾತ್ರೆ ನುಂಗುವವರು ಯಾರು? ಆ ಜೀನ್ ಅಲ್ಲಿಗೆ ಹೋಗುವುದು ಹೇಗೆ?

ಪ್ರತಿಮಾ: ನಮ್ಮಿಂದಲೇ. ಎಷ್ಟೋ ಆಂಟಿಬಯೋಟಿಕ್ ದೇಹದಲ್ಲಿ ಪೂರ್ತಿ ಕರಗದೆ ಮೂತ್ರದಲ್ಲಿ ಹೊರಬರುತ್ತವೆ. ಚರಂಡಿ, ಹೊಳೆ, ಅಳಿವೆ ದಾಟಿ ಕಡಲು. ಆಸ್ಪತ್ರೆ ನೀರು, ಕೋಳಿ ಫಾರ್ಮ್ ನೀರು ಎಲ್ಲ ಅದೇ ದಾರಿ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳಚೆ ಶುದ್ಧ ಮಾಡುವ ಘಟಕವಿದೆ. ಅಲ್ಲಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಸಿಕ್ಕಿತ್ತು. ಸ್ವೀಡನ್ನಿನ ವಿಜ್ಞಾನಿಗಳು 2007ರಲ್ಲೇ ಇದನ್ನು ಬರೆದಿದ್ದಾರೆ. ಆ ಮಾತ್ರೆ ತಿನ್ನುತ್ತಿರುವ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ.

ಸವಿತಾ ಅತ್ತೆ: ಅದೆಲ್ಲ ಇರಲಿ ಮಾರಾಯ್ತಿ, ಮೀನು ತಿನ್ನಬಹುದಾ, ಬಾರದಾ? ಫ್ರಿಡ್ಜಿನಲ್ಲಿ ಬಂಗುಡೆ ಇದೆ.

ಪ್ರತಿಮಾ: ಧಾರಾಳವಾಗಿ ತಿನ್ನಿ ಅತ್ತೆ. ಕಿವಿರು, ಕರುಳು ತೆಗೆದು ಚೆನ್ನಾಗಿ ಬೇಯಿಸಿ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಕೂಡ ಬೆಂಕಿಗೆ ಸಾಯುತ್ತದೆ. ಹಸಿ ಮೀನು ಮುಟ್ಟಿದ ಕೈ, ಕತ್ತಿ, ಮಣೆ ಸೋಪು ಹಾಕಿ ತೊಳೆದ ಮೇಲೆ ತರಕಾರಿ ಹೆಚ್ಚಿ.

ರಘು ಮಾವ: ಔಷಧಿಗೆ ಬಗ್ಗದ ಸೋಂಕಿನಿಂದ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರಂತೆ. ಅದೂ ಸುಳ್ಳಾ?

ಪ್ರತಿಮಾ: ನಿಜ ಮಾವ, 2022ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು. ಆದರೆ ಅವರು ಬಂಗುಡೆ ತಿಂದು ಸತ್ತರು ಎಂದು ಅದರಲ್ಲಿ ಎಲ್ಲೂ ಇಲ್ಲ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಬೇರೆ. 2025ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು ಇ-ಕೋಲೈ ಬ್ಯಾಕ್ಟೀರಿಯಾವನ್ನು ಪ್ಲಾಸ್ಟಿಕ್ ಚೂರುಗಳ ಜೊತೆ ಬೆಳೆಸಿ ನೋಡಿದರು. ಔಷಧಿ ತಡೆಯುವ ಶಕ್ತಿ ಜಾಸ್ತಿಯಾಯಿತು. ಎಲ್ಲಕ್ಕಿಂತ ಜಾಸ್ತಿಯಾಗಿದ್ದು ಪಾಲಿಸ್ಟೈರೀನ್ ಜೊತೆ. ಸುರೇಶಣ್ಣ, ಪಾಲಿಸ್ಟೈರೀನ್ ಉಬ್ಬಿಸಿದರೆ ಥರ್ಮಾಕೋಲ್. ನೀವು ಐಸ್ ಹಾಕಿ ಮೀನು ತುಂಬುವ ಪೆಟ್ಟಿಗೆ.

ವಿನಯ್ (ದೋಹಾ): ಅದು ಲ್ಯಾಬಿನಲ್ಲಿ ಅಲ್ವಾ ಅಕ್ಕ?

ಪ್ರತಿಮಾ: ಹೌದು, ಲ್ಯಾಬಿನಲ್ಲಿ. ಆದರೆ ಕಡಲಿನಿಂದ ಎತ್ತಿದ ಪ್ಲಾಸ್ಟಿಕ್ ಮೇಲೂ ಅಂಥ ಜೀನ್‌ಗಳು ಸಿಕ್ಕಿವೆ.

ಸುರೇಶ: ಪ್ರತಿಮಾ, ಥರ್ಮಾಕೋಲ್ ಬಿಟ್ಟರೆ ಬೆಂಗಳೂರಿಗೆ ಮೀನು ಕಳಿಸುವುದು ಹೇಗೆ? ಎಲ್ಲ ಬೋಟಿನವರ ತಲೆಗೇ ಕಟ್ಟಬೇಡ. ಮಳೆ ಬಂದಾಗ ಹೊಳೆಯಲ್ಲಿ ಬರುವ ಹಾಲಿನ ಪ್ಯಾಕೆಟ್, ಡೈಪರ್, ಚಪ್ಪಲಿ ಯಾರದ್ದು? ಬಲೆ ಎಳೆದರೆ ಮೀನಿನ ಜೊತೆ ಅದೂ ಬರುತ್ತದೆ. ಬಿಡಿಸಿ ಬಿಡಿಸಿ ಹುಡುಗರ ಕೈ ಸೋಲುತ್ತದೆ.

ಪ್ರತಿಮಾ: ಒಪ್ಪಿದೆ, ಜಾಸ್ತಿ ಕಸ ನೆಲದಿಂದಲೇ. ಪೆಟ್ಟಿಗೆ ಪೂರ್ತಿ ಬಿಡಿ ಎನ್ನುತ್ತಿಲ್ಲ. ಒಡೆದ ಪೆಟ್ಟಿಗೆ ದಕ್ಕೆಯ (ಬೋಟು ನಿಲ್ಲುವ ಕಟ್ಟೆಯ) ನೀರಿಗೆ ಬೀಳಬಾರದು. ಒಮ್ಮೆ ಬಿದ್ದರೆ ಆ ಬಿಳಿ ಕಾಳುಗಳನ್ನು ಯಾರೂ ಹೆಕ್ಕಲಾರರು. ಬಲೆಗೆ ಬಂದ ಪ್ಲಾಸ್ಟಿಕ್ ವಾಪಸ್ ಕಡಲಿಗೆ ಎಸೆಯದಿದ್ದರೆ ಅರ್ಧ ಗೆದ್ದಂತೆ. ಕೇರಳದ ಕೊಲ್ಲಂನ ನೀಂಡಕರದಲ್ಲಿ 2017ರಿಂದ ಮೀನುಗಾರರು ಅದನ್ನು ದಡಕ್ಕೆ ತಂದರು. ಅಲ್ಲೇ ಪುಡಿ ಮಾಡಿ ರಸ್ತೆಯ ಡಾಂಬರಿಗೆ ಬೆರೆಸಿದರು.

ಸುರೇಶ: ಅಲ್ಲಿ ಇಳಿಸಿಕೊಳ್ಳುವವರು ಇದ್ದರು. ಇಲ್ಲಿಯೂ ಯಾರಾದರೂ ನಿಲ್ಲಲಿ, ನಾವು ತರುತ್ತೇವೆ.

ಸವಿತಾ ಅತ್ತೆ: ಪ್ರತಿಮಾ, ನಿನ್ನ ಮಾವ ಶೀತವಾದರೂ ಅಜಿತ್ರೋಮೈಸಿನ್ ಆಂಟಿಬಯೋಟಿಕ್ ನುಂಗುತ್ತಾರೆ. ಎರಡು ದಿನ ತಿಂದು ಉಳಿದದ್ದು ಡಬ್ಬಿಯಲ್ಲಿ ಇಡುತ್ತಾರೆ. ಅದಕ್ಕೇನಾದರೂ ಹೇಳು.

ಪ್ರತಿಮಾ: ಮಾವ, ಮೀನಿಗಿಂತ ಮೊದಲು ಬಿಡಬೇಕಾದ್ದು ಅದು. ಶೀತ ಬರುವುದು ವೈರಸ್‌ನಿಂದ. ಅದಕ್ಕೆ ಅಜಿತ್ರೋಮೈಸಿನ್ ಏನೂ ಮಾಡದು. ಸ್ಟ್ರಿಪ್ ತಿರುಗಿಸಿ ನೋಡಿ, ಹಿಂದೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ನುಂಗಬಾರದು ಎಂದರ್ಥ. ಉಳಿದದ್ದನ್ನು ಸಿಂಕಿಗೋ ಕಮೋಡಿಗೋ ಹಾಕಬೇಡಿ.

ರಘು ಮಾವ: ಗೆರೆ ಇದೆ. ಮಾತ್ರೆ ಬಿಡುತ್ತೇನೆ. ಆದರೆ ವಿಡಿಯೋ ತೆಗೆಯುವುದಿಲ್ಲ. ಹೆದರಿಕೆ ಹುಟ್ಟಿದರೇ ಜನ ಕಸ ಎಸೆಯುವುದು ನಿಲ್ಲಿಸುವುದು.

ಸುರೇಶ: ಹೆದರಿದವರು ಮೀನು ಬಿಡುತ್ತಾರೆ ಮಾವ, ಕಸ ಎಸೆಯುವುದನ್ನು ಬಿಡುವುದಿಲ್ಲ. "ಮೀನು ಬಿಡಿ" ಎಂದಿದ್ದನ್ನಾದರೂ ತೆಗೆಯಿರಿ.

ರಘು ಮಾವ: ಅದನ್ನು ಯೋಚಿಸುತ್ತೇನೆ.

ಸುರೇಶ: ಪ್ರತಿಮಾ, ಭಾನುವಾರ ನಮ್ಮ ಸಂಘದ ಮೀಟಿಂಗ್ ಇದೆ. ಥರ್ಮಾಕೋಲ್ ವಿಷಯ ನೀನೇ ಬಂದು ಹೇಳು.

ಪ್ರತಿಮಾ: ಬರುತ್ತೇನೆ. ಬಲೆಗೆ ಬಂದ ಬಾಟಲಿ ನಾಲ್ಕೈದು ತೆಗೆದಿಡಿ. ತೊಳೆಯಬೇಡಿ.